ಇಂಗ್ಲೆಂಡಿನಲ್ಲಿ ಹಲ್ಲಿನ ಬೇರಿಗೆ ಕೀವು ತುಂಬಿದರೆ

ಕಲಬುರಗಿ, ಬೀದರ್, ಯಾದಗಿರಿಯ ಕಡೆಯಿಂದ ಇಂಗ್ಲೆಂಡಿಗೆ ಹೊರಡುವವರ ಪೆಟ್ಟಿಗೆಯಲ್ಲಿ ಶೇಂಗಾ ಹಿಂಡಿ, ಖಡಕ್ ರೊಟ್ಟಿಗಳ ಜೊತೆಗೆ ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಗುಳಿಗೆಯ ಒಂದೆರಡು ಪಟ್ಟಿಗಳೂ ಇರುವುದುಂಟು. ನನ್ನ ಪೆಟ್ಟಿಗೆಯಲ್ಲೂ ಇದ್ದವು. ಮೊದಲ ಚಳಿಗಾಲದಲ್ಲಿ ಅದೇ ರೊಟ್ಟಿಯನ್ನು ಕಡಿಯುವಾಗ ಕೆಳದವಡೆಯ ಹಳೆಯ ಹುಳುಕು ಹಲ್ಲು ಸೀಳಿತು. ಕೆಲವು ದಿನಗಳಲ್ಲಿ ಒಸಡಿನ ಮೇಲೆ ಜೋಳದ ಕಾಳಿನಷ್ಟು ಗುಳ್ಳೆ ಎದ್ದಿತು. ನಾಲಿಗೆಯಿಂದ ಒತ್ತಿದರೆ ಉಪ್ಪುಪ್ಪಾದ, ನಾರುವ ಕೀವು ಬಾಯಿಗೆ ಬರುತ್ತಿತ್ತು. ಗುಳಿಗೆ ನುಂಗಿದೆ, ನೋವು ತಗ್ಗಿತು, ಹದಿನೈದು ದಿನಕ್ಕೆ ಮತ್ತೆ ಬಂತು.

ಬರಲೇಬೇಕಿತ್ತು. ಹುಳುಕು ಹಲ್ಲಿನ ತಿರುಳನ್ನು ಮುಟ್ಟಿ ತಿರುಳು ಸತ್ತ ಮೇಲೆ ಅಲ್ಲಿ ರಕ್ತಸಂಚಾರವಿರುವುದಿಲ್ಲವಾದ್ದರಿಂದ, ರಕ್ತದ ಮೂಲಕವೇ ಸಾಗುವ ಆಂಟಿಬಯಾಟಿಕ್ ಸೋಂಕಿನ ಮೂಲಕ್ಕೆ ತಲುಪುವುದೇ ಇಲ್ಲ. ಬ್ಯಾಕ್ಟೀರಿಯಾಗಳು ಬೇರಿನ ತುದಿಯಿಂದ ಇಳಿದು ದವಡೆಯ ಎಲುಬಿನೊಳಗೆ ಕೀವು ಕಟ್ಟುತ್ತವೆ. ನೋವು ಒಮ್ಮೆಲೇ ನಿಂತರೆ ವಾಸಿಯಾಯಿತೆಂದು ತಿಳಿಯಬಾರದು. ಒಳಗಿನ ನರ ಸತ್ತಿರಬಹುದು, ಕೀವು ದಾರಿ ಮಾಡಿಕೊಂಡು ಹೊರಬಿದ್ದಿರಬಹುದು. ಕೀವನ್ನು ಹೊರತೆಗೆದು, ಬೇರಿನ ಒಳಗನ್ನು ಶುಚಿಮಾಡಿ ಮುಚ್ಚುವ ರೂಟ್ ಕೆನಾಲ್ ಮಾಡಿ ಹಲ್ಲನ್ನು ಉಳಿಸುವುದು ಅಥವಾ ಹಲ್ಲನ್ನು ಕೀಳುವುದು, ಇವೇ ನಿಜವಾದ ಚಿಕಿತ್ಸೆ. ಸಾಮಾನ್ಯವಾಗಿ ಜ್ವರ ಬಂದಿದ್ದರೆ ಅಥವಾ ಬಾವು ಹರಡುತ್ತಿದ್ದರೆ ಮಾತ್ರ ಇಲ್ಲಿಯ ದಂತವೈದ್ಯರು ಆಂಟಿಬಯಾಟಿಕ್ ಬರೆಯುತ್ತಾರೆ. ವೈದ್ಯರ ಚೀಟಿಯಿಲ್ಲದೆ ಯಾವ ಔಷಧ ಅಂಗಡಿಯೂ ಹಲ್ಲು ನೋವಿಗೆ ಅದನ್ನು ಕೊಡುವುದಿಲ್ಲ.

ನಮ್ಮೂರಿನಲ್ಲಿ ಹಲ್ಲು ನೋವೆಂದರೆ ಸಂಜೆಯೊಳಗೆ ಯಾವುದಾದರೊಂದು ದವಾಖಾನೆಯ ಬೆಂಚಿನ ಮೇಲೆ ಕೂತಿರುತ್ತೇವೆ. ಇಲ್ಲಿ ಮೊದಲು ಫೋನ್ ಮಾಡಬೇಕು. ನೀವು ಹೆಸರು ನೋಂದಾಯಿಸಿದ ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ವೈದ್ಯರು, ಹಲ್ಲಿಗೆ ಚಿಕಿತ್ಸೆ ಮಾಡುವುದಿಲ್ಲ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ದಂತವೈದ್ಯರ ವಿಷಯದಲ್ಲಿ ಬಡಾವಣೆಯ ಗಡಿಯಿಲ್ಲ, ಯಾವ ಕ್ಲಿನಿಕ್ಕನ್ನಾದರೂ ಕೇಳಬಹುದು. ಆದರೆ ಹೊಸಬರಿಗೆ ಜಾಗವಿಲ್ಲವೆಂಬ ಉತ್ತರವೇ ಬಹಳ ಸಲ ಬರುತ್ತದೆ. ಆಗ ಎನ್‌ಎಚ್‌ಎಸ್‌ನ ಸಹಾಯವಾಣಿ 111ಕ್ಕೆ ಕರೆ ಮಾಡಿ ತುರ್ತು ದಂತಚಿಕಿತ್ಸೆ ಬೇಕೆಂದು ಹೇಳಬೇಕು. "ಸ್ವಲ್ಪ ನೋವಿದೆ" ಎಂದು ಸಂಕೋಚಪಡುವುದು ನಮ್ಮವರ ಅಭ್ಯಾಸ, ಅದು ಇಲ್ಲಿ ನಷ್ಟ. ಬಾವು ಎಲ್ಲಿದೆ, ಜ್ವರವಿದೆಯೇ, ರಾತ್ರಿ ನಿದ್ದೆ ಬಂತೇ, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ನೇರವಾಗಿ ತಿಳಿಸಿ. ಇಂಗ್ಲಿಷ್ ಸಲೀಸಲ್ಲದಿದ್ದರೆ ದುಭಾಷಿ ಬೇಕೆಂದು ಕೇಳಬಹುದು.

ವೀಸಾದೊಂದಿಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದವರೂ ಹಲ್ಲಿಗೆ ಬೇರೆ ಹಣ ಕೊಡಬೇಕೆಂಬುದು ಅನೇಕರಿಗೆ ಕ್ಲಿನಿಕ್ಕಿನಲ್ಲೇ ಗೊತ್ತಾಗುತ್ತದೆ. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಂತೆ ತುರ್ತು ಚಿಕಿತ್ಸೆಗೆ 27.40 ಪೌಂಡ್, ರೂಟ್ ಕೆನಾಲ್ ಅಥವಾ ಹಲ್ಲು ಕೀಳುವುದು ಸೇರಿದ ಎರಡನೇ ದರ-ಹಂತಕ್ಕೆ (ಬ್ಯಾಂಡ್ 2) 75.30 ಪೌಂಡ್, ಹಲ್ಲಿಗೆ ಟೋಪಿಯಂಥ ಕ್ರೌನ್ ಹಾಕಿಸುವ ಮೂರನೇ ಹಂತಕ್ಕೆ 326.70 ಪೌಂಡ್ ಇತ್ತು. ಒಂದು ಹಂತದ ಹಣ ಆ ಚಿಕಿತ್ಸೆಯ ಎಲ್ಲ ಭೇಟಿಗಳಿಗೂ ಸಲ್ಲುತ್ತದೆ. ಆದರೆ ತುರ್ತು ಭೇಟಿಯ ಲೆಕ್ಕ ಬೇರೆ, ಉಳಿದ ಚಿಕಿತ್ಸೆಗೆ ಹೊಸದಾಗಿ ಕಟ್ಟಬೇಕಾಗುತ್ತದೆ. ಗರ್ಭಿಣಿಯರಿಗೆ, ಹೆರಿಗೆಯಾಗಿ ವರ್ಷ ತುಂಬದ ತಾಯಂದಿರಿಗೆ ಮತ್ತು 18ರೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳ ದರ ಬೇರೆ.

ಸರದಿ ಬರುವವರೆಗೆ ಪ್ಯಾರಾಸಿಟಮಾಲ್ ಅಥವಾ, ಹೊಟ್ಟೆಹುಣ್ಣು, ಅಸ್ತಮಾ, ಗರ್ಭಾವಸ್ಥೆಯಂಥ ಅಡ್ಡಿಯಿಲ್ಲದವರಿಗೆ, ಐಬುಪ್ರೊಫೆನ್ ಸಾಕು. ಮೆತ್ತಗಿನದನ್ನು ಇನ್ನೊಂದು ಬದಿಯಿಂದ ಅಗಿಯಿರಿ. ಊರಿನಿಂದ ಅವ್ವ ಫೋನಿನಲ್ಲಿ ಹೇಳುವ ಉಪ್ಪಿನ ಗಂಟಿನ ಕಾವನ್ನು ಕೆನ್ನೆಗೆ ಕೊಡಬೇಡಿ, ಬಾವು ಹೆಚ್ಚಬಹುದು; ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಲು ಅಡ್ಡಿಯಿಲ್ಲ.

ಕಣ್ಣಿನ ಸುತ್ತ ಅಥವಾ ಕತ್ತಿನಲ್ಲಿ ಬಾವು ಬಂದರೆ, ಬಾಯಿ ತೆರೆಯಲಾಗದಿದ್ದರೆ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, 111ರ ಸರದಿಯನ್ನು ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಅಥವಾ ಆಂಬುಲೆನ್ಸ್‌ಗಾಗಿ 999ಕ್ಕೆ ಕರೆ ಮಾಡಿ.