ಲಾಟ್, ಸೆಲೆ ನದಿಗಳ ಬದಿಯಲ್ಲಿ ರೋಡ್ ಬೈಕ್: ನಾನು ಹಿಡಿಯುವ ದಾರಿ

ಫ್ರಾನ್ಸಿನ ತುಲೂಸ್‌ಗೆ ವಿಮಾನದ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರು ಒಂದಷ್ಟು ಜನ ಇದ್ದೇವೆ. ನಮ್ಮಲ್ಲಿ ಸೈಕಲ್ ಹುಚ್ಚು ಹತ್ತಿದವರೆಲ್ಲ ರಜೆ ಬಂತೆಂದರೆ ದಕ್ಷಿಣಕ್ಕೆ, ಪಿರಿನೀಸ್ ಪರ್ವತಗಳ ಕಡೆಗೆ ಓಡುತ್ತಾರೆ. ತೂರ್ಮಾಲೆ ಘಾಟಿ ಹತ್ತಿ ಫೋಟೊ ಹಾಕದಿದ್ದರೆ ಊರಿನ ಗೆಳೆಯರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಿಜ. ನಾನು ಮಾತ್ರ ಉತ್ತರದ ರೈಲು ಹತ್ತುತ್ತೇನೆ. ಲಾಟ್ ಜಿಲ್ಲೆಯಲ್ಲಿ ಘಾಟಿಯ ಹೆಸರು ಹೇಳಿ ಮೆರೆಯುವಂಥದ್ದು ಏನೂ ಇಲ್ಲ. ಆದರೆ ಸಣ್ಣ ಡಾಂಬರು ರಸ್ತೆ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಬಂಡೆ, ಅರ್ಧ ಗಂಟೆಗೆ ನಾಲ್ಕು ಕಾರು. ಇಷ್ಟು ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ.

ಲಾಟ್ ನದಿ ಲೋಝೆರ್ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಸುಮಾರು 480 ಕಿ.ಮೀ. ಪಶ್ಚಿಮಕ್ಕೆ ಹರಿದು ಗರೋನ್ ನದಿಯನ್ನು ಸೇರುತ್ತದೆ. ಸೈಕಲ್‌ನವರು ಸಾಮಾನ್ಯವಾಗಿ ಫಿಜಾಕ್ ಪಟ್ಟಣದಿಂದ ಕಾಓರ್ ಪಟ್ಟಣದ ಕಡೆಗೆ ಬಹುಮಟ್ಟಿಗೆ ಇದರ ದಡದಲ್ಲೇ ಸಾಗುವ ಡಿ 662 ರಸ್ತೆ ಹಿಡಿಯುತ್ತಾರೆ ('ಡಿ' ಅಂದರೆ ಜಿಲ್ಲಾ ರಸ್ತೆ). ಚೆಂದದ ರಸ್ತೆಯೇ. ಆದರೆ ಕಣಿವೆಯ ಮುಖ್ಯ ರಸ್ತೆಯೂ ಅದೇ. ಜುಲೈ, ಆಗಸ್ಟ್‌ನಲ್ಲಿ ಕ್ಯಾಂಪಿಂಗ್ ವ್ಯಾನುಗಳು ಸಾಲಾಗಿ ಹಿಂದೆ ಬಿದ್ದರೆ ನದಿ ನೋಡುವ ಪುರಸೊತ್ತೇ ಇರುವುದಿಲ್ಲ. ಅದರ ಉತ್ತರಕ್ಕೆ ಸೆಲೆ ಎಂಬ ಉಪನದಿ ಇದೆ. ಅದು ಫಿಜಾಕ್ ಊರಿನ ಮಧ್ಯದಿಂದಲೇ ಹರಿದು ಬರುತ್ತದೆ, ಬೂಝಿಯೆಸ್ ಹತ್ತಿರ ಲಾಟ್‌ಗೆ ಸೇರುತ್ತದೆ. ಅದರ ಗುಂಟ ಹೋಗುವುದು ಡಿ 41. ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಹಿಡಿಯಿರಿ ಎಂಬುದೇ ನಾನು ಕೇಳಿದವರಿಗೆಲ್ಲ ಹೇಳುವ ಮಾತು.

ದಿಕ್ಕೂ ಮುಖ್ಯ. ಫಿಜಾಕ್‌ನಿಂದ ಕೆಳಮುಖವಾಗಿ, ನೀರು ಹರಿಯುವ ಕಡೆಗೇ ಹೋಗುತ್ತೇನೆ. ಬೆಳಿಗ್ಗೆ ಬಿಸಿಲು ಬೆನ್ನಿಗಿರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದು, ಅದು ಮಧ್ಯಾಹ್ನದ ಮೇಲೆ ಬಲಗೊಳ್ಳುತ್ತದೆ. ಅಷ್ಟರೊಳಗೆ ಕಣಿವೆಯ ಮುಕ್ಕಾಲು ಪಾಲು ಮುಗಿದಿರಬೇಕು. ಸೆಪ್ಟೆಂಬರ್ ಕೊನೆಯ ಮೇಲೆ ಹೋಗುವವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಬೆಳಗಿನ ಮಂಜು ನದಿಯ ಮೇಲೆ ಕೂತುಬಿಟ್ಟರೆ ಹತ್ತು ಗಂಟೆಯಾದರೂ ಏಳುವುದಿಲ್ಲ. ಆಗ ದೀಪ ಹಾಕಿಕೊಂಡು, ಹೊಳೆಯುವ ಹಳದಿ ಜಾಕೆಟ್ ತೊಟ್ಟೇ ಹೊರಡುವುದು. ಊರಾಚೆ ಬೆಳಕು ಸಾಲದಿದ್ದಾಗ ಆ ಜಾಕೆಟ್ ಇಲ್ಲಿ ಕಾನೂನಿನ ಪ್ರಕಾರವೂ ಕಡ್ಡಾಯ.

ಫಿಜಾಕ್ ಬಿಟ್ಟ ಮೇಲೆ ಕೆಲವು ಕಿಲೋಮೀಟರ್ ದೊಡ್ಡ ರಸ್ತೆಯಲ್ಲಿ ಹಲ್ಲು ಕಚ್ಚಿ ಹೋಗಬೇಕು. ಡಿ 41ಕ್ಕೆ ತಿರುಗಿದ ಕೂಡಲೇ ಸದ್ದು ಅಡಗುತ್ತದೆ. ಎಸ್ಪಾನ್ಯಾಕ್, ಬ್ರಾಂಗ್, ಸ್ಯಾಂ ಸುಲ್ಪಿಸ್, ಮಾರ್ಸಿಯಾಕ್, ಸೋಲಿಯಾಕ್ ಹೀಗೆ ಒಂದಾದ ಮೇಲೊಂದು ಊರು. ಬ್ರಾಂಗ್‌ನಲ್ಲಿ ತಲೆಯೆತ್ತಿ ನೋಡಿದರೆ ಬಂಡೆಯ ಮಧ್ಯದಲ್ಲೇ ಗೋಡೆ ಕಟ್ಟಿದ ಗುಹೆಯ ಕೋಟೆ ಕಾಣುತ್ತದೆ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ ನೆನಪಿಗೆ ಜನ ಇಂಥವನ್ನು 'ಇಂಗ್ಲಿಷರ ಕೋಟೆ' ಎಂದು ಕರೆಯುತ್ತಾರೆ. ನದಿ ಬದಿಯ ರಸ್ತೆ ಅಂದರೆ ಸಮತಟ್ಟು ಅಂದುಕೊಂಡು ಹೊರಡಬೇಡಿ. ಬಂಡೆ ನೀರಿಗೇ ಬಂದು ನಿಂತ ಕಡೆಯಲ್ಲೆಲ್ಲ ರಸ್ತೆ ಅದರ ಹೆಗಲೇರಿ ಇಳಿಯುತ್ತದೆ. ಒಂದೊಂದು ಏರೂ ಚಿಕ್ಕದೇ, ಆದರೆ ಸಾಲಾಗಿ ಬಂದರೆ ತೊಡೆಗೆ ಗೊತ್ತಾಗುತ್ತದೆ. ನನ್ನ ಬೈಕಿನಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಗೇರ್ ಚಕ್ರ, ಹಿಂದೆ 32 ಹಲ್ಲಿನವರೆಗಿನ ಕ್ಯಾಸೆಟ್ (ಗೇರ್ ಚಕ್ರಗಳ ಗೊಂಚಲು) ಇದೆ, 28 ಮಿ.ಮೀ. ಟಯರ್. ಇದಕ್ಕಿಂತ ಗಟ್ಟಿ ಗೇರ್ ಇಟ್ಟುಕೊಂಡು ಬಂದು ಮಂಡಿ ಹಿಡಿದುಕೊಂಡು ಕೂತವರನ್ನು ನೋಡಿದ್ದೇನೆ.

ನೀರಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಣಿವೆಯ ಮೇಲಿನ ಸುಣ್ಣಕಲ್ಲಿನ ಬಯಲಿಗೆ ಇಲ್ಲಿ 'ಕೋಸ್' ಅನ್ನುತ್ತಾರೆ. ಮಳೆ ಬಿದ್ದದ್ದೆಲ್ಲ ಕಲ್ಲಿನ ಬಿರುಕಿನಲ್ಲಿ ಇಳಿದುಹೋಗುತ್ತದೆ, ಮೇಲೆ ತೊರೆಯಿಲ್ಲ, ಹಳ್ಳವಿಲ್ಲ. ಕುಳ್ಳ ಓಕ್ ಮರ, ಕುರಿ, ಒಣಗಲ್ಲಿನ ಗೋಡೆ, ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಕುರಿಗಾಹಿಗಳ ಗುಡಿಸಲು, ಇಷ್ಟೇ. ಆ ನೀರೆಲ್ಲ ಕೆಳಗೆ ಕಣಿವೆಯಲ್ಲಿ ಬುಗ್ಗೆಯಾಗಿ ಏಳುತ್ತದೆ. ಕಾಓರ್ ಪಟ್ಟಣ ಕುಡಿಯುವುದೇ ಅಂಥ ಬುಗ್ಗೆಯ ನೀರನ್ನು. ಆದ್ದರಿಂದ ಮೇಲೆ ಹತ್ತುವ ಮುಂಚೆ ಎರಡೂ ಬಾಟಲಿ ತುಂಬಿರಬೇಕು. ಅಂಗಡಿ ಮುಚ್ಚಿದ್ದರೆ ಇಲ್ಲಿನ ಹಳೇ ಸೈಕಲ್ ಮಂದಿ ಸೀದಾ ಸ್ಮಶಾನಕ್ಕೆ ಹೋಗುತ್ತಾರೆ. ನಗಬೇಡಿ. ಊರ ಹೊರಗಿನ ಸ್ಮಶಾನದ ಗೇಟಿನ ಒಳಗೇ ಒಂದು ನಲ್ಲಿ, ಪಕ್ಕದಲ್ಲಿ ಸಮಾಧಿಯ ಹೂವಿಗೆ ನೀರು ಹಾಕುವ ಹಸಿರು ಕ್ಯಾನುಗಳು ಕೊಕ್ಕೆಗೆ ತೂಗಿರುತ್ತವೆ. ನಲ್ಲಿಯ ಮೇಲೆ 'ನೋಂ ಪೊತಾಬ್ಲ್' ಎಂಬ ಫಲಕವಿದ್ದರೆ ಕುಡಿಯುವಂತಿಲ್ಲ, ತಲೆಗೆ ಸುರಿದುಕೊಳ್ಳಬಹುದು. ಇಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳುವುದು. ಒಮ್ಮೆ ಅಲ್ಲಿ ಹೂ ಇಡಲು ಬಂದಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಹೆಲ್ಮೆಟ್ ತೆಗೆದು "ಬೊಂಜೂರ್ ಮದಾಂ" ಅಂದೆ. "ಮೊದಲು ಸ್ವಲ್ಪ ಹರಿಯಲು ಬಿಡಪ್ಪ, ಪೈಪಿನಲ್ಲಿ ಬಿಸಿಯಾಗಿರುತ್ತೆ" ಅಂದರು. ಈ ದೇಶದಲ್ಲಿ ಬೊಂಜೂರ್ ಮೊದಲು, ಮಿಕ್ಕದ್ದೆಲ್ಲ ಆಮೇಲೆ.

ಹೊಟ್ಟೆಪಾಡಿಗೂ ಸಮಯ ಪಾಲನೆ ಬೇಕು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ 12ಕ್ಕೆ ಬಾಗಿಲು ಹಾಕಿದರೆ 2 ಗಂಟೆಯವರೆಗೆ ತೆಗೆಯುವುದಿಲ್ಲ. ಸೋಮವಾರ ಬೇಕರಿಗಳು ಬಹುಪಾಲು ಮುಚ್ಚಿರುತ್ತವೆ, ಹಾಗಾಗಿ ನಾನು ಸೋಮವಾರ ಇಲ್ಲಿ ಸೈಕಲ್ ತುಳಿಯುವುದಿಲ್ಲ. ಬಾತುಕೋಳಿಯ ನಾಡು ಇದು, ನನ್ನಂಥ ಸಸ್ಯಾಹಾರಿಗೆ ಹೋಟೆಲಿನಲ್ಲಿ ಆಯ್ಕೆ ಕಮ್ಮಿ. ಆದರೆ ಅಕ್ರೋಟ್ ಹಾಕಿದ ಬ್ರೆಡ್ಡು, ಅಂಗೈಯೊಳಗೆ ಅಡಗುವ ರೊಕಾಮಾದೂರ್ ಮೇಕೆ ಚೀಸ್, ಎರಡು ಟೊಮೆಟೊ ಜೇಬಿನಲ್ಲಿದ್ದರೆ ಯಾರ ಹಂಗೂ ಇಲ್ಲ.

ಕಾಬ್ರರೆ ಊರಿನಲ್ಲಿ ನಾನು ಸೈಕಲ್ಲಿಗೆ ಬೀಗ ಹಾಕುತ್ತೇನೆ. ಮೇಲಿನ ಗುಡ್ಡದಲ್ಲಿ ಪೆಶ್ ಮೆರ್ಲ್ ಗುಹೆ ಇದೆ. 1922ರಲ್ಲಿ ಇಬ್ಬರು ಹುಡುಗರು ಒಳಗೆ ತೆವಳಿ ಹೋಗಿ ಕಂಡುಹಿಡಿದದ್ದು. ಒಳಗಿನ ಚುಕ್ಕೆ ಕುದುರೆಗಳಿಗೆ ಸುಮಾರು 29,000 ವರ್ಷ. ಬಲಗಡೆಯ ಕುದುರೆಯ ಮುಂದೆ ನಿಂತು ನೋಡಬೇಕು. ಆ ಬಂಡೆಯ ಅಂಚು ತಾನಾಗಿಯೇ ಕುದುರೆಯ ತಲೆಯ ಆಕಾರದಲ್ಲಿದೆ, ಬರೆದವನು ಅದನ್ನು ಕಂಡೇ ಆ ಜಾಗವನ್ನು ಆರಿಸಿಕೊಂಡಿರಬೇಕು. ಸುತ್ತಲೂ ಕೈಯಿಟ್ಟು ಬಣ್ಣ ಊದಿದ ಅಂಗೈ ಗುರುತುಗಳು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಟಿಕೆಟ್ ಮುಂಗಡ ತೆಗೆದುಕೊಳ್ಳಬೇಕು. ಪೆಡಲಿಗೆ ಕಚ್ಚಿಕೊಳ್ಳುವ ಬಿಲ್ಲೆಯಿರುವ ಕ್ಲೀಟ್ ಶೂನಲ್ಲಿ ಒದ್ದೆ ಕಲ್ಲಿನ ಮೇಲೆ ನಡೆಯುವುದು ಹಲ್ಲು ಮುರಿದುಕೊಳ್ಳುವ ಉಪಾಯ, ತೆಳ್ಳನೆಯ ಚಪ್ಪಲಿ ಒಂದು ಜೊತೆ ಚೀಲದಲ್ಲಿರಲಿ. ಬೆವರಿದ ಮೈಗೆ ಗುಹೆಯ ತಂಪು ನಡುಕ ತರಿಸುತ್ತದೆ, ಗಾಳಿ ತಡೆಯುವ ಜಾಕೆಟ್ಟೂ ಬೇಕು.

ಸೆಲೆ ಮುಗಿದಲ್ಲಿ ಬೂಝಿಯೆಸ್‌ನ ಕಿರಿದಾದ ತೂಗುಸೇತುವೆ ದಾಟಿ, ಡಿ 40 ಹಿಡಿದು ಸ್ಯಾಂ ಸಿರ್ ಲಾಪೋಪಿ ಎಂಬ ಊರಿಗೆ ಹತ್ತುತ್ತೇನೆ. ಪ್ರವಾಸಿಗರ ಕಾರುಗಳು ಹೆಚ್ಚಾಗಿ ಆ ಕಡೆಯ ತೂರ್ ದ ಫೋರ್ ಊರಿನಿಂದ ಬರುತ್ತವೆ, ಈ ಕಡೆಯ ಏರು ನಮ್ಮ ಪಾಲಿಗೆ. ಬಂಡೆಯನ್ನು ಕಡಿದು ಮಾಡಿದ ರಸ್ತೆ, ತಿರುವಿಗೊಮ್ಮೆ ನದಿ ಕೆಳಗೆ ಇಳಿದಂತೆ ಕಾಣುತ್ತದೆ. ಈ ದಾರಿಗೊಂದು ಕಥೆಯೂ ಇದೆ. ಎರಡನೇ ಮಹಾಯುದ್ಧದ ಬಳಿಕ, 1949ರಲ್ಲಿ, ಕಾಓರ್ ಪಟ್ಟಣ ತಾನು ಇಡೀ ಜಗತ್ತಿನ ಊರೆಂದು ಘೋಷಿಸಿಕೊಂಡಿತು. ಮರುವರ್ಷ ಕಾಓರ್‌ನಿಂದ ಸ್ಯಾಂ ಸಿರ್‌ವರೆಗಿನ ರಸ್ತೆಯನ್ನು 'ಜಾಗತಿಕ ರಸ್ತೆ ಸಂಖ್ಯೆ 1' ಎಂದು ಉದ್ಘಾಟಿಸಿದರು. ಗಡಿಗಳಿಲ್ಲದ ರಸ್ತೆ ಭೂಮಿಯನ್ನೆಲ್ಲ ಸುತ್ತಬೇಕೆಂಬ ಆಸೆ. ಅದು ಮುಂದೆ ಸಾಗಲಿಲ್ಲ. ಆ ಸಮಾರಂಭಕ್ಕೆ ಬಂದ ಕವಿ ಆಂದ್ರೆ ಬ್ರೆತೋಂ ಮಾತ್ರ ಸ್ಯಾಂ ಸಿರ್ ಊರಿಗೆ ಮನಸೋತು ಇಲ್ಲೇ ಮನೆ ಕೊಂಡರು. ವೀಸಾ ನವೀಕರಣದ ಕಾಗದ ಹಿಡಿದು ಸಾಲಿನಲ್ಲಿ ನಿಲ್ಲುವ ನನ್ನಂಥವನಿಗೆ ಈ ಏರಿನಲ್ಲಿ ಆ ಕಥೆ ನೆನಪಾಗದೆ ಇರುವುದಿಲ್ಲ.

ಸ್ಯಾಂ ಸಿರ್‌ನಿಂದ ಕೋಸ್ ಮೇಲೆ ಕೊಂಕೋ ಊರಿನ ಕಡೆ ಹೋಗಿ, ಅಲ್ಲಿಂದ ಆರ್ಕಾಂಬಾಲ್‌ಗೆ ಇಳಿದು ಕಾಓರ್ ಸೇರುತ್ತೇನೆ. ವೆರ್ ಊರಿನಿಂದ ಕಾಓರ್‌ವರೆಗಿನ ನದಿ ಬದಿಯ ದೊಡ್ಡ ರಸ್ತೆ ತಪ್ಪಿಸಿಕೊಳ್ಳಲು ಇದೇ ನೆಮ್ಮದಿ. ಬೇಸಿಗೆಯಲ್ಲಿ ಇಲ್ಲಿ ಎಚ್ಚರವಾಗಿರಬೇಕಾದದ್ದು 'ಗ್ರಾವಿಯೋಂ' ಎಂಬ ಫಲಕ ಕಂಡಾಗ. ಹಳೇ ರಸ್ತೆಗೆ ಡಾಂಬರು ಸುರಿದು ಮೇಲೆ ಸಣ್ಣ ಜಲ್ಲಿ ಎರಚಿ ಹೋಗಿಬಿಡುತ್ತಾರೆ, ಅದನ್ನು ಅದುಮುವ ಕೆಲಸ ಓಡಾಡುವ ಕಾರುಗಳದ್ದು. ಕಾರಿನ ಚಕ್ರ ಹೋದ ಎರಡು ಪಟ್ಟಿ ಮಾತ್ರ ಚೊಕ್ಕವಾಗಿರುತ್ತದೆ, ನಡುವೆ ಮತ್ತು ಅಂಚಿನಲ್ಲಿ ರಾಗಿ ರಾಶಿ ಹಾಕಿದ ಹಾಗೆ ಜಲ್ಲಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಆ ಪಟ್ಟಿಯಲ್ಲೇ ನೇರ ಹಿಡಿದು, ತಿರುವಿನೊಳಗೆ ಬ್ರೇಕ್ ಮುಟ್ಟದೆ ದಾಟಬೇಕು. ದಾಟಿದ ಮೇಲೆ ನಿಂತು ಗ್ಲೌಸಿನಿಂದ ಟಯರ್ ಸವರಿ ನೋಡುತ್ತೇನೆ. ಅಂಟಿದ ಚೂರು ಮುಂದಿನ ಹತ್ತು ಕಿಲೋಮೀಟರಿನಲ್ಲಿ ಒಳಗೆ ಇಳಿಯುತ್ತದೆ. ಇನ್ನು ಊರೊಳಗೆ, ಬಲಗಡೆಯ ಓಣಿಯಿಂದ ನುಗ್ಗುವ ಕಾರಿಗೇ ಮೊದಲ ಹಕ್ಕು, ಅದೆಷ್ಟು ಸಂದಿಯಂತಿದ್ದರೂ.

ದಾರಿ ಹುಡುಕಲು ಫೋನ್ ಇದೆ. ಆದರೆ ಹತ್ತಿರದ ದಾರಿ ಅಂತ ಅದು ಟ್ರ್ಯಾಕ್ಟರ್ ಜಾಡಿಗೆ ನೂಕುತ್ತದೆ. ಹಿಂದಿನ ರಾತ್ರಿ ಮಿಶೆಲಿನ್‌ನ ಕಾಗದದ ನಕ್ಷೆ ಹರಡಿ ಕೂರುವುದು ನನ್ನ ಪದ್ಧತಿ. ಹಸಿರು ಅಂಚಿನ ರಸ್ತೆ ಅಂದರೆ ನೋಟ ಚೆಂದ, ರಸ್ತೆಯ ಮೇಲೆ ಬಾಣದ ತಲೆ ಕಂಡರೆ ಕಡಿದಾದ ಏರು. ಬೆಂಗಳೂರಿನಲ್ಲಿ ಬಿಆರ್‌ಎಂ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಓಡಿಸಿದ ಗೆಳೆಯರು ಬಂದಾಗ ಇದರಲ್ಲಿ 200 ಕಿ.ಮೀ. ಗೀಟು ಎಳೆಯಲು ಹೊರಡುತ್ತಾರೆ. ನಾನು ಒಪ್ಪುವುದಿಲ್ಲ. ಫಿಜಾಕ್‌ನಿಂದ ಕಾಓರ್ 80 ಕಿ.ಮೀ. ಆಸುಪಾಸು, ಗುಹೆ ಸೇರಿ ಒಂದು ಇಡೀ ದಿನಕ್ಕೆ ಅಷ್ಟು ಧಾರಾಳ.

ಮಾರನೇ ದಿನ ಕಾಲು ಉಳಿದಿದ್ದರೆ ಕಾಓರ್‌ನ 14ನೇ ಶತಮಾನದ ವಾಲಾಂತ್ರೆ ಸೇತುವೆಯ ಮೂರು ಗೋಪುರಗಳ ಕೆಳಗೆ ಹಾದು ಪಶ್ಚಿಮಕ್ಕೆ. ದುವೆಲ್, ಲ್ಯೂಝೆಶ್, ಆಲ್ಬಾಸ್ ದಾಟಿ ಬೆಲೇ ಗುಡ್ಡದವರೆಗೆ ಮಾಲ್ಬೆಕ್ ದ್ರಾಕ್ಷಿ ತೋಟಗಳು. ಬಲದಂಡೆಯ ಡಿ 811 ಲಾರಿಗಳಿಗೆ ಬಿಟ್ಟುಕೊಟ್ಟು ಎಡದಂಡೆಯ ಡಿ 8ರಲ್ಲೇ ಇರುವುದು. ಇದು ಸೆಲೆಯಷ್ಟು ಮನಸ್ಸು ಹಿಡಿಯುವುದಿಲ್ಲ, ನನ್ನ ಮಟ್ಟಿಗೆ. ಬಯಲು ಹೆಚ್ಚು, ನೆರಳು ಕಮ್ಮಿ.

ಕಾಓರ್‌ನಿಂದ ತುಲೂಸ್‌ಗೆ ಪ್ರಾದೇಶಿಕ ರೈಲು ಸಿಗುತ್ತದೆ, ಸೈಕಲ್ ತೂಗುಹಾಕಲು ಕೊಕ್ಕೆಗಳು ಬೆರಳೆಣಿಕೆಯಷ್ಟು. ಪ್ಯಾರಿಸ್ ಕಡೆಯಿಂದ ಬರುವ ದೂರದ ರೈಲಿಗಾದರೆ ಸೈಕಲ್ಲಿಗೂ ಮುಂಗಡ ಸೀಟು ಬೇಕು. ಭಾನುವಾರ ಸಂಜೆಯ ರೈಲುಗಳಲ್ಲಿ ಜಾಗ ಸಿಗುವುದು ಅನುಮಾನ, ನಾನು ಮಧ್ಯಾಹ್ನದ್ದನ್ನೇ ಹಿಡಿಯುತ್ತೇನೆ.