ನಂಬರ್ ಅದೇ, ದಾರಿ ಬೇರೆ: ನಮ್ಮ ಕ್ಲಿನಿಕ್‌ಗಳಲ್ಲಿ ಎನಮ್ ಅಳವಡಿಸಿದ ಅನುಭವ

ಜಯನಗರ, ವಿಜಯನಗರ, ಕೆಂಗೇರಿ, ಯಲಹಂಕ. ಈ ನಾಲ್ಕು ಕಡೆ ಇರುವ ಕ್ಲಿನಿಕ್‌ಗಳ ಫೋನ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲ ಕಡೆ ಆಸ್ಟೆರಿಸ್ಕ್ ಅನ್ನುವ ಸಾಫ್ಟ್‌ವೇರ್ ಹಾಕಿದ ಪಿಬಿಎಕ್ಸ್, ಅಂದರೆ ಕ್ಲಿನಿಕ್‌ನ ಸ್ವಂತ ಟೆಲಿಫೋನ್ ಎಕ್ಸ್‌ಚೇಂಜ್ ಇದೆ, ಮೇಜಿನ ಮೇಲೆ ವಿಡಿಯೊ ಫೋನ್ ಇದೆ, ನಡುವೆ ನಾಲ್ಕನ್ನೂ ಜೋಡಿಸುವ ಖಾಸಗಿ ಜಾಲ ವಿಪಿಎನ್ ಇದೆ. ಆದರೂ ಯಲಹಂಕದ ನರ್ಸ್ ಜಯನಗರದ ಡಾಕ್ಟರಿಗೆ 080 ನಂಬರ್ ಒತ್ತಿದರೆ, ಕರೆ ಹೊರಗಿನ ಟೆಲಿಫೋನ್ ಲೈನ್ ಹಿಡಿದು ಊರು ಸುತ್ತಿ ಬರುತ್ತಿತ್ತು. ಆ ದಾರಿಯಲ್ಲಿ ವಿಡಿಯೊ ಉಳಿಯುವುದಿಲ್ಲ. ದನಿ ಮಾತ್ರ ಬರುತ್ತದೆ. ಅದೂ ಸೆಕೆಂಡಿಗೆ 8,000 ಸ್ಯಾಂಪಲ್‌ನ ಹಳೇ ಟೆಲಿಫೋನ್ ದನಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತೋರಿಸಿ "ಇದು ಕೆಂಪಾಗಿದೆ, ನೋಡಿ ಸಾರ್" ಅನ್ನಬೇಕಾದ ನರ್ಸ್, ಗಾಯವನ್ನು ಬಾಯಲ್ಲೇ ವಿವರಿಸಬೇಕಿತ್ತು.

ಒಳಗಿನ ಎಕ್ಸ್‌ಟೆನ್ಷನ್ ನಂಬರ್ ಕೊಟ್ಟರೆ ಆಯ್ತಲ್ವಾ ಎಂದು ಕೇಳುತ್ತೀರಿ. ಕೊಟ್ಟಿದ್ದೆವು. ಯಾರೂ ಬಳಸಲಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ, ರೋಗಿಗಳ ಚೀಟಿಯಲ್ಲಿ, ಸಿಬ್ಬಂದಿಯ ನೆನಪಿನಲ್ಲಿ ಇರುವುದು 080 ನಂಬರೇ. ಅದನ್ನೇ ಇಟ್ಟುಕೊಂಡು ಕರೆಯ ದಾರಿಯನ್ನು ಬದಲಿಸಬೇಕಿತ್ತು. ಅದಕ್ಕೆ ಎನಮ್ ಸರಿಯಾಗಿ ಒದಗಿತು.

ಎನಮ್ ಹೊಸದೇನಲ್ಲ. 2000ರಲ್ಲಿ ಆರ್‌ಎಫ್‌ಸಿ 2916 ಅನ್ನುವ ಇಂಟರ್ನೆಟ್ ನಿಯಮದ ದಾಖಲೆಯಾಗಿ ಬಂತು. ಈಗ ನಡೆಯುತ್ತಿರುವುದು 2011ರ ಆರ್‌ಎಫ್‌ಸಿ 6116. ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಇದೆಯಲ್ಲ, ಅದಕ್ಕೇ ಫೋನ್ ನಂಬರ್ ಕೊಟ್ಟು "ಇದಕ್ಕೆ ಇಂಟರ್ನೆಟ್ ವಿಳಾಸ ಉಂಟಾ?" ಎಂದು ಕೇಳುವುದು. ಉಂಟು ಅಂದರೆ ಕರೆ ನೇರವಾಗಿ ಆ ಸಿಪ್ (ಇಂಟರ್ನೆಟ್ ಮೇಲೆ ಕರೆ ಜೋಡಿಸುವ ನಿಯಮ) ವಿಳಾಸಕ್ಕೆ ಹೋಗುತ್ತದೆ, ವಿಡಿಯೊ ಸಮೇತ. ಇಲ್ಲ ಅಂದರೆ ಮಾಮೂಲಿ ಲೈನ್.

ಕೇಳುವ ರೀತಿ ಸ್ವಲ್ಪ ವಿಚಿತ್ರ. +91 80 1234 5678 ಅನ್ನುವ ನಂಬರ್ ಇದೆ ಅಂದುಕೊಳ್ಳಿ. ಅದನ್ನು ತಿರುಗಿಸಿ, ಅಂಕಿಗಳ ನಡುವೆ ಚುಕ್ಕಿ ಇಡಬೇಕು: 8.7.6.5.4.3.2.1.0.8.1.9. ಡಿಎನ್‌ಎಸ್ ಹೆಸರಿನಲ್ಲಿ ದೊಡ್ಡ ಭಾಗ ಬಲಗಡೆ ಇರುತ್ತದೆ, ಹಾಗಾಗಿ ದೇಶದ ಕೋಡ್ ಕೊನೆಗೆ ಬರಬೇಕು. ಇದರ ಕೊನೆಗೆ ಇ164.ಆರ್ಪಾ ಸೇರಿಸಿದರೆ ಅದು ಜಗತ್ತಿಗೆಲ್ಲ ಒಂದೇ ಆದ ಸಾರ್ವಜನಿಕ ಪಟ್ಟಿ. ನಾವು ಅದರ ತಂಟೆಗೆ ಹೋಗಲಿಲ್ಲ. ನಮ್ಮದೇ ಡೊಮೈನ್ ಕೆಳಗೆ ಖಾಸಗಿ ಪಟ್ಟಿ ಮಾಡಿ, ಆಸ್ಟೆರಿಸ್ಕ್‌ನಲ್ಲಿ ಈ ಹುಡುಕಾಟ (ಲುಕಪ್) ಮಾಡುವ ಎನಮ್‌ಲುಕಪ್‌ಗೆ ಅದರ ಹೆಸರನ್ನೇ ಕೊಟ್ಟೆ.

ಮೊದಲ ಕೆಲಸ ನಂಬರನ್ನು ಒಂದೇ ರೂಪಕ್ಕೆ ತರುವುದು. ಒಬ್ಬರು ಬರೀ ಎಂಟು ಅಂಕಿ ಒತ್ತುತ್ತಾರೆ, ಇನ್ನೊಬ್ಬರು 080 ಸೇರಿಸುತ್ತಾರೆ, ಮತ್ತೊಬ್ಬರು +91 ಇಂದ ಶುರು ಮಾಡುತ್ತಾರೆ. ಲುಕಪ್‌ಗೆ ಮೊದಲೇ ಎಲ್ಲವೂ +91 80 ಆಗಬೇಕು. ಇದು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಆದರೆ 112, 108 ಇವನ್ನು ಮಾತ್ರ ಮುಟ್ಟಬಾರದು. ಅವು ಲುಕಪ್ ಹತ್ತಿರವೂ ಸುಳಿಯದೆ ಸೀದಾ ಹೊರಗಿನ ಲೈನಿಗೆ ಹೋಗಬೇಕು. ಯಾವ ನಂಬರ್ ಯಾವ ದಾರಿಗೆ ಎಂದು ಪಿಬಿಎಕ್ಸ್‌ಗೆ ಹೇಳುವ ಡಯಲ್‌ಪ್ಲಾನಿನಲ್ಲಿ ನಾನು ಬರೆದ ಮೊದಲ ಸಾಲೇ ಅದು.

ಪಟ್ಟಿಯಲ್ಲಿ ಪ್ರತಿ ನಂಬರಿಗೂ ನ್ಯಾಪ್ಟರ್ ಅನ್ನುವ ಬಗೆಯ ಒಂದು ಡಿಎನ್‌ಎಸ್ ದಾಖಲೆ ಇರುತ್ತದೆ. ಅದರಲ್ಲಿ ಯಾವುದನ್ನು ಮೊದಲು ನೋಡಬೇಕು ಎಂದು ಹೇಳುವ ಆರ್ಡರ್, ಪ್ರಿಫರೆನ್ಸ್, "ಯು" ಅನ್ನುವ ಫ್ಲ್ಯಾಗ್, "ಇ2ಯು+ಸಿಪ್" ಅನ್ನುವ ಸೇವೆಯ ಹೆಸರು, ಕೊನೆಗೆ ನಂಬರನ್ನು ಸಿಪ್ ವಿಳಾಸವಾಗಿ ಬದಲಿಸುವ ರೆಜೆಕ್ಸ್ ಅನ್ನುವ ಅಕ್ಷರ ಮಾದರಿ. ನಂಬರಿನ ಅಂಕಿಗಳನ್ನು ಹಾಗೇ ವಿಳಾಸಕ್ಕೆ ತರಬೇಕಾದರೆ ರೆಜೆಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು 1 ಬರುತ್ತದೆ. ಪಟ್ಟಿಯನ್ನು ಬರೆದಿಡುವ ಝೋನ್ ಫೈಲಿನಲ್ಲಿ ಬ್ಯಾಕ್‌ಸ್ಲ್ಯಾಶ್‌ಗೆ ಬೇರೆ ಅರ್ಥ ಇರುವುದರಿಂದ ಅದನ್ನು ಎರಡು ಸಲ ಬರೆಯಬೇಕು. ಬರೆದ ಮೇಲೆ ಡಿಎನ್‌ಎಸ್ ಅನ್ನು ಕೇಳಿ ನೋಡುವ ಡಿಗ್ ಆಜ್ಞೆ ಓಡಿಸಿ, ಉತ್ತರವನ್ನು ಅಕ್ಷರ ಅಕ್ಷರ ಓದಿ. ಇಡೀ ನಂಬರ್ ಬ್ಲಾಕಿಗೆ ಒಂದೇ ದಾಖಲೆ, ಅಂದರೆ ವೈಲ್ಡ್‌ಕಾರ್ಡ್ ಹಾಕುವ ಆಸೆ ಆಗುತ್ತದೆ. ನಾನು ಹಾಕಲಿಲ್ಲ. ನಂಬರ್ ಯಾವುದು, ಅಲ್ಲಿ ವಿಡಿಯೊ ಫೋನ್ ಇದೆಯೋ ಇಲ್ಲವೋ ಎಂದು ಒಂದೊಂದಾಗಿ ಗೊತ್ತಿರುವುದು ನನಗೆ ಮುಖ್ಯ.

ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದದ್ದು ಲಿಂಕ್ ಕೆಟ್ಟಾಗ ಏನಾಗಬೇಕು ಅನ್ನುವ ಪ್ರಶ್ನೆ. ಬೆಂಗಳೂರಲ್ಲಿ ರಸ್ತೆ ಅಗೆದರೆ ಫೈಬರ್ ತುಂಡಾಗುತ್ತದೆ. ಲುಕಪ್ ನಿಲ್ಲದಿರಲಿ ಎಂದು ಪ್ರತಿ ಕ್ಲಿನಿಕ್‌ನಲ್ಲೂ ಪಟ್ಟಿಯ ಒಂದು ಪ್ರತಿ ಇಟ್ಟಿದ್ದೆ. ಆಗ ಇನ್ನೊಂದು ತೊಡಕು. ಫೈಬರ್ ಹೋಗಿದ್ದರೂ ಪಟ್ಟಿ "ವಿಳಾಸ ಇದೆ" ಅನ್ನುತ್ತದೆ. ಪಿಬಿಎಕ್ಸ್ ಆ ಕಡೆಗೆ ಕರೆ ಶುರು ಮಾಡುವ ಇನ್‌ವೈಟ್ ಸಂದೇಶ ಕಳಿಸುತ್ತದೆ, ಉತ್ತರ ಬರುವುದಿಲ್ಲ. ಸಿಪ್ ನಿಯಮದ ಪ್ರಕಾರ ಇಂಥ ಕಡೆ ಕಾಯುವ ಅವಧಿ 32 ಸೆಕೆಂಡು: ಟಿ1 ಅನ್ನುವ ಅರ್ಧ ಸೆಕೆಂಡಿನ 64 ಪಟ್ಟು. ಕಿವಿಗೆ ಫೋನ್ ಹಿಡಿದವರಿಗೆ ಅದು ಬರೀ ಮೌನ. ಯಾರೂ ಅಷ್ಟು ಹೊತ್ತು ಕಾಯುವುದಿಲ್ಲ, ಇಟ್ಟುಬಿಡುತ್ತಾರೆ. ಹಾಗಾಗಿ ಕಾಯುವುದನ್ನು ನಾಲ್ಕು ಸೆಕೆಂಡಿಗೆ ಇಳಿಸಿದೆ. ಜೊತೆಗೆ ಪಿಬಿಎಕ್ಸ್‌ಗಳು ಆಗಾಗ ಒಂದಕ್ಕೊಂದು ಆಪ್ಷನ್ಸ್ ಸಂದೇಶ ಕಳಿಸಿ "ಇದ್ದೀಯಾ?" ಎಂದು ಕೇಳಿಕೊಳ್ಳುವಂತೆ ಮಾಡಿದೆ. ಆ ಕಡೆ ಸತ್ತಿದೆ ಎಂದು ಮೊದಲೇ ಗೊತ್ತಿದ್ದರೆ ಕರೆ ತಡವಿಲ್ಲದೆ ಹೊರಗಿನ ಲೈನಿಗೆ ಹೋಗುತ್ತದೆ. ವಿಡಿಯೊ ಇರುವುದಿಲ್ಲ, ಮಾತಂತೂ ಆಗುತ್ತದೆ.

ಗುಟ್ಟಿನ ವಿಚಾರವೂ ಇದೆ. ಹೆಸರಿನಲ್ಲಿ ಒಂದೊಂದು ಅಂಕಿಗೂ ಒಂದೊಂದು ಮೆಟ್ಟಿಲು ಇರುವುದರಿಂದ, "ಈ ಮೆಟ್ಟಿಲ ಕೆಳಗೆ ಏನಾದರೂ ಇದೆಯಾ" ಎಂದು ಕೇಳುತ್ತಾ ಹೋದರೆ ಹೊರಗಿನವರು ಯಾರಾದರೂ ಇಡೀ ನಂಬರ್ ಪಟ್ಟಿಯನ್ನು ಬಿಡಿಸಿಬಿಡಬಹುದು. ಕ್ಲಿನಿಕ್‌ನ ಒಳ ನಂಬರ್‌ಗಳು ಹಾಗೆ ಬೀದಿಗೆ ಬೀಳಬಾರದು. ನಮ್ಮ ಡಿಎನ್‌ಎಸ್ ಸರ್ವರ್ ವಿಪಿಎನ್ ಒಳಗಿನವರಿಗೆ ಮಾತ್ರ ಉತ್ತರಿಸುತ್ತದೆ.

ಕಾನೂನಿನ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾವು ಮಾಡಿದ್ದು ನಮ್ಮದೇ ಕ್ಲಿನಿಕ್‌ಗಳ ನಡುವಿನ ಕರೆ. ಹೊರಗಿನವರ ಫೋನ್ ಕರೆಯನ್ನು ಇಂಟರ್ನೆಟ್‌ಗೆ ತಿರುಗಿಸಿ ಬೇರೆ ಊರಲ್ಲಿ ಮತ್ತೆ ಟೆಲಿಫೋನ್ ಜಾಲಕ್ಕೆ ಇಳಿಸುವುದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಎರಡು ಸಾಲು ಡಯಲ್‌ಪ್ಲಾನ್ ಬರೆದರೆ ತಾಂತ್ರಿಕವಾಗಿ ಆಗಿಬಿಡುತ್ತದೆ ಎಂದು ಸುಮ್ನೆ ಮಾಡಲು ಹೋಗಬೇಡಿ.

ಈಗ ಯಲಹಂಕದಲ್ಲಿ 080 ನಂಬರ್ ಒತ್ತಿದರೆ ಜಯನಗರದ ಪರದೆಯ ಮೇಲೆ ಚಿತ್ರ ಮೂಡುತ್ತದೆ. ನರ್ಸ್ ಕ್ಯಾಮೆರಾ ತಿರುಗಿಸುತ್ತಾರೆ, ಡಾಕ್ಟರ್ "ಇನ್ನೂ ಸ್ವಲ್ಪ ಹತ್ತಿರ ತನ್ನಿ ಸಿಸ್ಟರ್" ಅನ್ನುತ್ತಾರೆ. ಯಾರಿಗೂ ತರಬೇತಿ ಕೊಡಬೇಕಾಗಲಿಲ್ಲ. ನನಗೆ ಇದರಲ್ಲಿ ತುಂಬಾ ಖುಷಿ ಕೊಡುವುದು ಅದೇ.

ಹೊಸದಾಗಿ ಮಾಡುವವರಿಗೆ ಇನ್ನೊಂದು ವಿಷಯ. "ಇಲ್ಲ" ಅನ್ನುವ ಉತ್ತರವನ್ನೂ ಡಿಎನ್‌ಎಸ್ ನೆನಪಿಟ್ಟುಕೊಳ್ಳುತ್ತದೆ. ನೀವು ನಂಬರ್ ಸೇರಿಸುವ ಮೊದಲೇ ಯಾರಾದರೂ ಅದಕ್ಕೆ ಕರೆ ಮಾಡಿದ್ದರೆ, ಸೇರಿಸಿದ ಮೇಲೂ ಸ್ವಲ್ಪ ಹೊತ್ತು ಕರೆ ಹಳೇ ಲೈನಿಗೇ ಹೋಗುತ್ತಿರುತ್ತದೆ. ಎಷ್ಟು ಹೊತ್ತು ಅನ್ನುವುದನ್ನು ತೀರ್ಮಾನಿಸುವುದು ಪಟ್ಟಿಯ ತಲೆಯಲ್ಲಿರುವ ಎಸ್‌ಒಎ ದಾಖಲೆ. ಅದರ ಕೊನೆಯ ಅಂಕಿಯನ್ನು ಒಂದು ನಿಮಿಷಕ್ಕೆ, ಅಂದರೆ 60ಕ್ಕೆ ಇಡಿ.