ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ: ಅದರಲ್ಲುಳಿದ ಇಮೇಲ್ ವಿಳಾಸಗಳನ್ನು ಹೊರತೆಗೆಯುವುದು ಹೇಗೆ?

ಅಟ್ಟದ ಮೇಲೋ ಮಂಚದ ಕೆಳಗೋ ವರ್ಷಗಟ್ಟಲೆಯಿಂದ ಧೂಳು ಹಿಡಿದು ಕೂತಿರುವ ಸಿಪಿಯು ಡಬ್ಬ ಅನೇಕರ ಮನೆಯಲ್ಲಿದೆ. ಡಯಲ್-ಅಪ್ ಕಾಲದಲ್ಲಿ ನಿಮಿಷಕ್ಕಿಷ್ಟು ಎಂದು ದುಡ್ಡು ಬೀಳುತ್ತಿದ್ದುದರಿಂದ ಪತ್ರಗಳನ್ನೆಲ್ಲ ಒಮ್ಮೆಗೇ ಇಳಿಸಿಕೊಂಡು, ಸಂಪರ್ಕ ಕಡಿದು ಓದುವುದು ರೂಢಿಯಾಗಿತ್ತು. ಹಾಗಾಗಿ ವಿಳಾಸಪುಸ್ತಕವೂ ಆ ಯಂತ್ರದ ಹಾರ್ಡ್ ಡಿಸ್ಕಿನಲ್ಲೇ ಉಳಿಯಿತು. ಅದರಲ್ಲಿನ ಎಷ್ಟೋ ಇಮೇಲ್ ವಿಳಾಸಗಳು ಇಂದು ಸತ್ತಿರಬಹುದು. ಆದರೆ ಅದೇ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಜೊತೆ ಫೋನ್ ನಂಬರು, ಮನೆ ವಿಳಾಸ, ಹುಟ್ಟಿದ ದಿನ ಬರೆದಿಟ್ಟಿದ್ದರೆ ಅವೂ ಇರುತ್ತವೆ. ತೀರಿಕೊಂಡ ತಂದೆಯ ಗೆಳೆಯರು ಯಾರು, ಎಲ್ಲಿದ್ದಾರೆ ಎಂಬುದು ಕೆಲವು ಮನೆಗಳಲ್ಲಿ ಆ ಒಂದು ಫೈಲಿನಲ್ಲಿ ಮಾತ್ರ ಇದೆ. ಅದನ್ನು ಹೊರತೆಗೆಯುವುದು ಕಷ್ಟವಲ್ಲ, ದುಡುಕಬಾರದು ಅಷ್ಟೆ.

ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ಆ ಕಂಪ್ಯೂಟರಿನಲ್ಲಿ ಮೇಲ್ ನೋಡುತ್ತಿದ್ದದ್ದು ಹೇಗೆ? ಯಾಹೂ, ರೆಡಿಫ್, ಹಾಟ್‌ಮೇಲ್‌ಗಳನ್ನು ಬ್ರೌಸರಿನಲ್ಲೇ ತೆರೆಯುತ್ತಿದ್ದರೆ ವಿಳಾಸಗಳು ಡಿಸ್ಕಿನಲ್ಲಿ ಇರುವುದಿಲ್ಲ, ಆ ಕಂಪನಿಯ ಸರ್ವರಿನಲ್ಲಿರುತ್ತವೆ. ಪತ್ರಗಳನ್ನು ಕಂಪ್ಯೂಟರಿಗೇ ಇಳಿಸುವ ಔಟ್‌ಲುಕ್ ಎಕ್ಸ್‌ಪ್ರೆಸ್, ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಪ್ರೋಗ್ರಾಮ್ ಬಳಸುತ್ತಿದ್ದರೆ ಮುಂದೆ ಓದಿ.

ಯಂತ್ರ ಇನ್ನೂ ಶುರುವಾಗುತ್ತದೆಯೇ?

ಶುರುವಾದರೆ ಅರ್ಧ ಕೆಲಸ ಮುಗಿದಂತೆ. ತೆರೆಯುವಾಗ ದಿನಾಂಕ ತಪ್ಪಾಗಿದೆ, ಎಫ್1 ಒತ್ತಿ ಎಂದು ಕೇಳಿದರೆ ಗಾಬರಿ ಬೇಡ. ಮದರ್‌ಬೋರ್ಡಿನ ಬಟನ್ ಸೆಲ್ ಖಾಲಿಯಾಗಿದೆ, ಅಷ್ಟೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಭದ್ರತಾ ಅಪ್‌ಡೇಟ್ ನಿಲ್ಲಿಸಿದೆ, ಹಾಗಾಗಿ ಇಂಟರ್ನೆಟ್ ಕೇಬಲ್ ಜೋಡಿಸಲೇಬೇಡಿ. ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್, ಅದರೊಳಗೆ ಅಡ್ರೆಸ್ ಬುಕ್ ಆರಿಸಿ. ಟೆಕ್ಸ್ಟ್ ಫೈಲ್, ಅಂದರೆ ಮಾಹಿತಿಯನ್ನು ಅಲ್ಪವಿರಾಮದಿಂದ ಬೇರ್ಪಡಿಸಿಡುವ ಸಿಎಸ್‌ವಿ ರೂಪವನ್ನು ಒತ್ತಿ. ಯಾವ ಯಾವ ಮಾಹಿತಿ ಬೇಕು ಎಂಬ ಪಟ್ಟಿ ಬಂದಾಗ ಎಲ್ಲಕ್ಕೂ ಟಿಕ್ ಹಾಕಿ, ಫೋನ್ ನಂಬರುಗಳು ಬಿಟ್ಟುಹೋಗುವುದು ಇಲ್ಲೇ. ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಶುರುವಾಗದಿದ್ದರೆ ಡಿಸ್ಕ್ ಬಿಚ್ಚಬೇಕು

ವಿದ್ಯುತ್ ತಂತಿ ಕಿತ್ತ ಮೇಲೆಯೇ ಡಬ್ಬ ತೆರೆಯಿರಿ. ಹಾರ್ಡ್ ಡಿಸ್ಕಿನ ಹಿಂಭಾಗ ನೋಡಿ. ಅಗಲವಾದ ಚಪ್ಪಟೆ ರಿಬ್ಬನ್ ಕೇಬಲ್, ಎರಡು ಸಾಲು ಸೂಜಿಗಳಿದ್ದರೆ ಅದು ಐಡಿಇ. ತೆಳ್ಳಗಿನ ಕೇಬಲ್ಲಿನದು ಸಾಟಾ. ಎರಡಕ್ಕೂ ಹೊಂದುವ ಯುಎಸ್‌ಬಿ ಅಡಾಪ್ಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಬೆಂಗಳೂರಿನವರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಬಹುದು. ಕೊಳ್ಳುವಾಗ ಜೊತೆಗೆ ಪ್ರತ್ಯೇಕ ಪವರ್ ಅಡಾಪ್ಟರ್ ಇದೆಯೇ ನೋಡಿ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ಮಾತ್ರ. ಐಡಿಇ ಡಿಸ್ಕ್ ಕಾಣಿಸದಿದ್ದರೆ ಹಿಂದಿರುವ ಪುಟ್ಟ ಜಂಪರನ್ನು ಮಾಸ್ಟರ್ ಸ್ಥಾನಕ್ಕೆ ಹಾಕಿ ನೋಡಿ, ಚಿತ್ರ ಡಿಸ್ಕಿನ ಮೇಲೇ ಅಂಟಿಸಿರುತ್ತದೆ.

ಅಡಾಪ್ಟರಿನ ಮೂಲಕ ಡಿಸ್ಕನ್ನು ಈಗ ಬಳಸುತ್ತಿರುವ ಕಂಪ್ಯೂಟರಿಗೆ ಜೋಡಿಸಿದಾಗ ಕಿವಿಗೊಡಿ. ಟಕ್ ಟಕ್ ಎಂಬ ಸದ್ದು ಮತ್ತೆ ಮತ್ತೆ ಬಂದರೆ ಕೂಡಲೇ ವಿದ್ಯುತ್ ತೆಗೆಯಿರಿ. ಓದುವ ಹೆಡ್ ಕೆಟ್ಟಿರುವ ಲಕ್ಷಣ ಅದು, ಓಡಿಸಿದಷ್ಟೂ ತಟ್ಟೆಗೆ ಗೀರು ಬೀಳುತ್ತದೆ. ಅಂಥದ್ದನ್ನು ಡೇಟಾ ರಿಕವರಿ ಮಾಡುವವರಿಗೇ ಕೊಡಬೇಕು, ಮನೆಯಲ್ಲಿ ಬಿಚ್ಚಬಾರದು. ಇನ್ನೊಂದು ಅಪಾಯ, 'ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಎಂದು ವಿಂಡೋಸ್ ಕೇಳುವುದು. ಬೇಡ ಎನ್ನಿ. ದೋಷ ಸರಿಪಡಿಸಲೇ ಎಂದರೂ ಬೇಡ ಎನ್ನಿ. ಆ ಡಿಸ್ಕಿನ ಮೇಲೆ ಏನನ್ನೂ ಬರೆಯದಿರುವುದೇ ಈ ಕೆಲಸದ ಮುಖ್ಯ ನಿಯಮ.

ಫೈಲ್ ಎಲ್ಲಿರುತ್ತದೆ?

ಇಲ್ಲೇ ಹೆಚ್ಚಿನವರು ಕೈಚೆಲ್ಲುವುದು. ಮೈ ಡಾಕ್ಯುಮೆಂಟ್ಸ್ ಪೂರ್ತಿ ಹುಡುಕಿ ಏನೂ ಇಲ್ಲವೆನ್ನುತ್ತಾರೆ, ವಿಳಾಸಪುಸ್ತಕ ಅಲ್ಲಿ ಇರುವುದೇ ಇಲ್ಲ. ಮೊದಲು ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿ. ಎಕ್ಸ್‌ಪಿಯಲ್ಲಾದರೆ ದಾರಿ ಹೀಗಿದೆ: ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್, ಅದರಲ್ಲಿ ಬಳಕೆದಾರರ ಹೆಸರು, ಮುಂದೆ ಅಪ್ಲಿಕೇಶನ್ ಡೇಟಾ, ಮೈಕ್ರೋಸಾಫ್ಟ್, ಕೊನೆಗೆ ಅಡ್ರೆಸ್ ಬುಕ್. ಅಲ್ಲಿರುವ, ಹೆಸರಿನ ಕೊನೆಗೆ ಡಬ್ಲ್ಯು-ಎ-ಬಿ ಎಂದಿರುವ ಚಿಕ್ಕ ಫೈಲೇ ನಿಮಗೆ ಬೇಕಾದದ್ದು. ಪಕ್ಕದಲ್ಲಿ ಅದೇ ಹೆಸರಿನ, ಕೊನೆಯಕ್ಷರದ ಬದಲು ಅಲೆಗೆರೆ ಇರುವ ಇನ್ನೊಂದು ಫೈಲಿದ್ದರೆ ಅದನ್ನೂ ತೆಗೆದುಕೊಳ್ಳಿ. ಪ್ರೋಗ್ರಾಮ್ ತಾನಾಗಿ ಇಟ್ಟ ಬ್ಯಾಕಪ್ ಅದು, ಮೂಲ ಕೆಟ್ಟಿದ್ದರೆ ಅದರ ಹೆಸರು ಬದಲಿಸಿ ಬಳಸಬಹುದು. ವಿಸ್ತಾದಿಂದೀಚೆಗೆ ಬಳಕೆದಾರರ ಹೆಸರಿನ ಫೋಲ್ಡರಿನಲ್ಲೇ ಕಾಂಟ್ಯಾಕ್ಟ್ಸ್ ಇದೆ, ಒಬ್ಬೊಬ್ಬರಿಗೆ ಒಂದೊಂದು ಫೈಲ್. ಔಟ್‌ಲುಕ್ ಆಗಿದ್ದರೆ ಪಿ-ಎಸ್-ಟಿ ಎಂದು ಕೊನೆಯಾಗುವ ಫೈಲ್ ಹುಡುಕಿ, ಪತ್ರ, ವಿಳಾಸ ಎರಡೂ ಅದರಲ್ಲೇ ಇರುತ್ತವೆ.

ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಎಂದು ತಡೆದರೆ, ಹಳೆಯ ಎಕ್ಸ್‌ಪಿ ಪಾಸ್‌ವರ್ಡ್ ಮರೆತಿದ್ದಕ್ಕೆ ಹೀಗಾಯಿತು ಎಂದುಕೊಳ್ಳಬೇಡಿ. ಆ ಪಾಸ್‌ವರ್ಡ್ ಇಲ್ಲಿ ಬೇಕಿಲ್ಲ. ಫೋಲ್ಡರಿನ ಒಡೆತನ ಹಳೆಯ ಯಂತ್ರದ ಖಾತೆಯ ಹೆಸರಿನಲ್ಲಿದೆ, ಅದಕ್ಕೇ ತಡೆ. ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ತುಂಬಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿದರೆ ಈ ತಡೆ ಸಾಮಾನ್ಯವಾಗಿ ಎದುರಾಗುವುದಿಲ್ಲ, ಡಿಸ್ಕಿನಲ್ಲಿ ಒಡೆತನವನ್ನು ಬದಲಿಸಬೇಕಾಗಿಯೂ ಇಲ್ಲ. ಹಾಗಾಗಿ ನನ್ನ ಮೊದಲ ಸಲಹೆ ಅದೇ. ಆಗದಿದ್ದರೆ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್ ಹೊಕ್ಕು ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿ. ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದ್ದರೆ, ಅಂದರೆ ಬೇರೆಯವರು ಓದಲಾಗದಂತೆ ಗೂಢಲಿಪಿಗೆ ಬದಲಿಸಿದ್ದರೆ ಮಾತ್ರ ಇವೆರಡೂ ನಡೆಯುವುದಿಲ್ಲ.

ತೆರೆಯುವುದು, ಗೂಗಲ್‌ಗೆ ಸೇರಿಸುವುದು

ವಿಂಡೋಸ್ 7 ಅಥವಾ 10 ಇರುವ ಕಂಪ್ಯೂಟರಿನಲ್ಲಿ ಕಾಂಟ್ಯಾಕ್ಟ್ಸ್ ಫೋಲ್ಡರ್ ತೆರೆದರೆ ಮೇಲೆ ಇಂಪೋರ್ಟ್ ಬಟನ್ ಕಾಣುತ್ತದೆ. ಅಲ್ಲಿ ವಿಂಡೋಸ್ ಅಡ್ರೆಸ್ ಬುಕ್ ಫೈಲ್ ಆರಿಸಿ, ನಕಲು ಮಾಡಿಟ್ಟ ಫೈಲನ್ನು ತೋರಿಸಿ. ಮೂಲವನ್ನು ಮುಟ್ಟಬೇಡಿ. ಬಂದ ಮೇಲೆ ಸಿಎಸ್‌ವಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಥಂಡರ್‌ಬರ್ಡ್ ಬಳಸಿದ್ದವರಿಗೆ ಇಷ್ಟು ಸುತ್ತಾಟವಿಲ್ಲ. ಪ್ರೊಫೈಲ್ ಫೋಲ್ಡರಿನಲ್ಲಿ ಎಂ-ಎ-ಬಿ ಎಂದು ಕೊನೆಯಾಗುವ ಫೈಲುಗಳನ್ನು ಇಂದಿನ ಥಂಡರ್‌ಬರ್ಡೇ ಓದುತ್ತದೆ. ಅವುಗಳಲ್ಲಿ ಹಿಸ್ಟರಿ ಎಂಬ ಹೆಸರಿನದನ್ನು ಬಿಡಬೇಡಿ. ನೀವು ಪತ್ರ ಬರೆದ, ಆದರೆ ಪುಸ್ತಕಕ್ಕೆ ಸೇರಿಸದ ವಿಳಾಸಗಳು ಅದರಲ್ಲಿ ಸಿಗುತ್ತವೆ.

ಗೂಗಲ್ ಕಾಂಟ್ಯಾಕ್ಟ್ಸ್ ಸಿಎಸ್‌ವಿಯನ್ನು ಸ್ವೀಕರಿಸುತ್ತದೆ. ಮೊದಲು ಎರಡು ಮೂರು ಹೆಸರುಗಳಿರುವ ಪ್ರತಿಯೊಂದನ್ನು ಹಾಕಿ, ಹೆಸರಿನ ಜಾಗಕ್ಕೆ ಹೆಸರು, ಫೋನಿನ ಜಾಗಕ್ಕೆ ಫೋನು ಬಂದಿದೆಯೇ ನೋಡಿ, ಆಮೇಲೆ ಪೂರ್ತಿ ಸೇರಿಸಿ. ಹೊಸದಾಗಿ ಬಂದವು ಪ್ರತ್ಯೇಕ ಲೇಬಲ್ಲಿನಡಿ ಕೂರುವುದರಿಂದ ತಪ್ಪಾದರೆ ಅಳಿಸುವುದು ಸುಲಭ. ಕನ್ನಡ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಅವನ್ನು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದಿರಬಹುದು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ನೋಡಿ.

ಹಳೆಯ ಡಿಸ್ಕನ್ನು ಹಾಗೇ ಗುಜರಿಗೆ ಕೊಡಬೇಡಿ, ಪತ್ರಗಳೆಲ್ಲ ಅದರಲ್ಲಿವೆ. ಎಲ್ಲ ಸಿಕ್ಕಿತೆಂದು ಖಚಿತವಾದ ಮೇಲೆ ಕ್ವಿಕ್ ಆಯ್ಕೆಯ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ವಿಸ್ತಾ ಮತ್ತು ನಂತರದ ವಿಂಡೋಸ್‌ಗಳಲ್ಲಿ ಹೀಗೆ ಮಾಡಿದಾಗ ಆ ವಿಭಾಗದ ತುಂಬ ಸೊನ್ನೆ ಬರೆಯಲಾಗುತ್ತದೆ. ಡಿಸ್ಕಿನಲ್ಲಿ ಸಿ, ಡಿ ಎಂದು ಎರಡು ಮೂರು ವಿಭಾಗಗಳಿದ್ದರೆ ಪ್ರತಿಯೊಂದಕ್ಕೂ ಹಾಗೆಯೇ ಮಾಡಬೇಕು.